ಟಾರ್ಚಿನವನು ನೋಡಿದ ಸಿನಿಮಾ

ನಾನು ಸಿನಿಮಾ ನೋಡುವುದು
ಜನರ ಮುಖಗಳಲ್ಲಿ.

ಮಲಯಾಳದ್ದಾದರೆ ಮೊದಲು ನಗುವುದು
ಕಂಕನಾಡಿಯ ನರ್ಸಿಂಗ್ ಹುಡುಗಿಯರು.
ಬೆನ್ನಿಗೇ ರಿಕ್ಷಾದ ಇದ್ದಿನಬ್ಬ,
ಅವನ ಬ್ಯಾರಿಗೆ ಅದು ನೆಂಟರ ಮಾತು.
ಕೊನೆಗೆ, ಅಡಿಬರಹ ಓದಿ ಮುಗಿಸಿದವರು.

ಇವತ್ತಿನದರಲ್ಲಿ ಚಾದಂಗಡಿ,
ಗೋಡೆ ತುಂಬ ಚುನಾವಣೆ.
ಹೀರೋ ಬರುವುದಕ್ಕೇ ಮುಕ್ಕಾಲು ಗಂಟೆ;
ಬಂದವನೂ ಚೀಲ ಹಿಡಿದು
ಮೀನಿನವಳ ಮುಂದೆ ಕುಕ್ಕರಿಸಿದ.
'ಮತ್ತಿ' ಅಂದ, ಚೌಕಾಸಿಗಿಳಿದ.
ಅವಳು ಅಂಟಿಕೊಂಡ ಒದ್ದೆ ನೋಟುಗಳನ್ನು
ಒಂದೊಂದೇ ಬಿಡಿಸಿದಳು.

ಹಿಂದಿನ ಸಾಲಲ್ಲಿ ಬೆಂಗ್ರೆಯ ಮುತ್ತಕ್ಕ.
ಮಲಯಾಳ ಬಾರದು, ಓದೂ ಬಾರದು.
ತನ್ನ ಅಂಗೈ ಒಮ್ಮೆ ಮೂಸಿಕೊಂಡು
ಪರದೆಗೆ ಕೇಳುವಷ್ಟು ಜೋರಾಗಿ ಅಂದಳು:
'ಬೂತಾಯಿ ಆ ರೇಟಿಗೆ ಕೊಡಬೇಡ ಮಾರಾಯ್ತಿ!'

ಅವಳು ಕೊಟ್ಟೇಬಿಟ್ಟಳು.
ಇಂಟರ್ವಲ್ ತನಕ
ಮುತ್ತಕ್ಕನ ಸಿಟ್ಟು ಇಳಿಯಲಿಲ್ಲ.