ಕೆಳಗಿನ ಪಿನ್ನು

ಹಮ್ರಿಯಾದ ಯಾರ್ಡಿನಲ್ಲಿ ಬೆಳಿಗ್ಗೆ ನಾಲ್ಕೂಮುಕ್ಕಾಲು.
ಕಬ್ಬಿಣ ಇನ್ನೂ ಮುಟ್ಟುವ ಹಾಗಿದೆ.
ಗಾಳಿ ಎಷ್ಟು ಎಂದು ಬರೆಯುವ ಜಾಗದಲ್ಲಿ
ಸುರೇಂದ್ರನ್ ಆರು ಎಂದು ಬರೆದ.
ಹತ್ತು ದಾಟಿದರೆ ಕೆಲಸ ಬಂದ್.
ಶಮಾಲ್‌ಗೆ ಓದಲು ಬರುವುದಿಲ್ಲ.

ಮಲಗಿದೆ ನೂರೈವತ್ತು ಟನ್ನಿನ ಕ್ರೇನು.
ಬೂಮಿನ ತುದಿಗೆ ದಿಮ್ಮಿ ಕೊಟ್ಟಾಗಿದೆ, ನಡುವಿಗೆ ಇನ್ನೂ ಇಲ್ಲ.
ಮೇಲಿನ ಉಕ್ಕಿನ ಹಗ್ಗ ತಟ್ಟಿದರೆ ಅದುರುತ್ತದೆ,
ನಿದ್ದೆ ನಟಿಸುವ ಮಗುವಿನ ರೆಪ್ಪೆ ಅದುರುತ್ತದಲ್ಲ,
ಹಾಗೆ.

ಹೊಸ ಹುಡುಗ ಟೇಕ್ ಬಹಾದ್ದೂರ್
ಸುತ್ತಿಗೆ ಹಿಡಿದು ಬೂಮಿನ ಹೊಟ್ಟೆಯೊಳಗೆ ನುಸುಳಿದ್ದ.
ಕೆಳಗಿನ ಪಿನ್ನು ಸುಲಭಕ್ಕೆ ಕೈಗೆ ಸಿಗುತ್ತದೆ,
ಅದಕ್ಕೇ ಅದು ಕೊಲ್ಲುತ್ತದೆ.
ಪಾಂಡು ಹರಿಕಂತ್ರ ಬೈಯಲಿಲ್ಲ.
ಬೆಲ್ಟು ಹಿಡಿದು ಹೊರಗೆ ತಂದ,
ಬಲೆಯಿಂದ ಏಡಿ ಬಿಡಿಸಿದಂತೆ, ಮೆಲ್ಲಗೆ.
ಮರಳಲ್ಲಿ ಎರಡು ಕಡ್ಡಿ ಜೋಡಿಸಿ ತೋರಿಸಿದ:
ಹಗ್ಗ ಬಿಗಿಯಿದ್ದಾಗ ಕೆಳಗಿನದು ಕಿತ್ತರೆ
ಮೇಲಿನದು ಬಾಗಿಲ ಕೀಲಾಗುತ್ತದೆ.
ಬಾಗಿಲು ನಿನ್ನ ಮೇಲೆ ಮುಚ್ಚುತ್ತದೆ.
ಮೊದಲು ದಿಮ್ಮಿ. ಆಮೇಲೆ ಹಗ್ಗ ಸಡಿಲ.
ಆಮೇಲೆ ಪಿನ್ನು, ಅದೂ ಹೊರಗೆ ನಿಂತು.
ಹತ್ತೊಂಬತ್ತು ವರ್ಷ ಇದರ ಕ್ಯಾಬಿನ್ನಿನಲ್ಲಿ ಕೂತವನಿಗೆ
ಇಷ್ಟು ಹೇಳಲು ಮೂರು ಭಾಷೆ ಬೇಕಾಯಿತು,
ಮೂರರಲ್ಲಿ ಒಂದೂ ಅವನದಲ್ಲ.

ಬಾಡಿಗೆಯ ಸಣ್ಣ ಕ್ರೇನು ಬಂತು, ಹಳದಿ.
ದೊಡ್ಡದರ ಬೆನ್ನಿನ ಭಾರವನ್ನು
ಒಂದೊಂದೇ ಹಲಗೆಯಾಗಿ ಇಳಿಸಿತು.
ಯಾರೂ ಮಾತಾಡಲಿಲ್ಲ. ನನ್ನ ಕೈ ಮಾತ್ರ:
ಬೆರಳು ಮೇಲೆ. ಬೆರಳು ಕೆಳಗೆ. ಮುಷ್ಟಿ.

ಡೀಸೆಲ್ ಬಸಿದು, ಎಣ್ಣೆ ಬಸಿದು,
ಬೆಂಕಿ ಆರಿಸುವ ಸಿಲಿಂಡರ್ ಪಕ್ಕಕ್ಕೆ ಬಂದ ಮೇಲೆಯೇ
ಗುಲ್‌ಝಮಾನನ ಗ್ಯಾಸು ಹತ್ತಿದ್ದು.
ಮೊದಲು ಬಣ್ಣ ಗುಳ್ಳೆ ಎದ್ದಿತು,
ನೀಲಿಯ ಕೆಳಗೆ ಕೇಸರಿ, ಕೇಸರಿಯ ಕೆಳಗೆ ಬೂದು,
ಮೂರು ಕಂಪನಿ, ಮೂರು ಸಲ ಹೊಸದು.

ಹನ್ನೆರಡೂವರೆಗೆ ಎಲ್ಲರೂ ನೆರಳಿಗೆ.
ಪಾಂಡು ಕ್ಯಾಬಿನ್ನಿಗೆ ಹೋಗಿ
ಸೀಟಿನ ಮೇಲಿನ ದಿಂಬು ತಂದ.
ಅವನೇ ಹೊಲಿದದ್ದು, ಹಳೆಯ ಯೂನಿಫಾರಮಿನಲ್ಲಿ.
ಗೇಟಿನವನು ಬಿಡಲಿಲ್ಲ. ಪಾಸ್ ಬರೆಯಬೇಕು:
ಏನು ಸಾಮಾನು, ಎಷ್ಟು ತೂಕ.

ಎಷ್ಟು ದೂರಕ್ಕೆ ಎಷ್ಟು ಟನ್ನು ಎಂದು
ಒಮ್ಮೆಯೂ ಲೆಕ್ಕ ತಪ್ಪದ ಮನುಷ್ಯ
ಪೆನ್ನು ಹಿಡಿದು ನಿಂತೇ ಇದ್ದ,
ದಿಂಬನ್ನು ಆ ಕೈಯಿಂದ ಈ ಕೈಗೆ ಬದಲಿಸುತ್ತ.
ಹಿಂದೆ ಗುಜರಿ ಟ್ರಕ್ಕು ಹಾರ್ನು ಹೊಡೆಯಿತು.
ಬರೆ ಮಾರಾಯ, ಅರ್ಧ ಕಿಲೋ, ಎಂದೆ.
ಅರ್ಧ ಅಲ್ಲ, ಎಂದ.
ಒದ್ದೆಯಿದೆ.