ಮೆಂಬರಾಚಾರಿ

ಶನಿವಾರಸಂತೆಯ ಕುಲುಮೆಯಲ್ಲಿ ತಿದಿ ಒತ್ತುತ್ತಿದ್ದವನು ನಾನು.
ಸಿಂಗಾಚಾರಿ ಓಟಿಗೆ ನಿಂತಾಗ
ನನಗೆ ಹನ್ನೊಂದು; ಓಟಿರಲಿಲ್ಲ, ಕೆಮ್ಮಿತ್ತು.

ನಿಲ್ಲಿಸಿದವರು ಲೈನುಮನೆಯವರು.
ಕತ್ತಿ ಹಣಿಸಲು ಬಂದವರು ಕಾಯುವ ಹೊತ್ತಿಗೆ
ಬಾಯಿ ಬಿಡುತ್ತಾರಲ್ಲ,
ರೈಟರು ಹಿಡಿದ ಅರೆಗೂಲಿ, ಸತ್ತ ಕೂಸು, ಇಲ್ಲದ ನಲ್ಲಿ,
ಕೇಳುತ್ತ ಕೇಳುತ್ತ ಆತ
ಕಬ್ಬಿಣ ತಣ್ಣಗಾದದ್ದು ಮರೆಯುತ್ತಿದ್ದ.
"ನೀನೇ ಹೋಗಿ ಹೇಳು ಮಾರಾಯ" ಅಂದಳೊಬ್ಬಳು ಮುದುಕಿ,
"ನಿನ್ನ ಕೈಗಾದರೂ ಸದ್ದುಂಟು."

ಗೆದ್ದ. ಎಪ್ಪತ್ತೆರಡು ಓಟಿನಿಂದ.
ಮತಪೆಟ್ಟಿಗೆ ಎತ್ತಿ, ಬೋರಲು ಹಾಕಿ ನೋಡಿ
"ರಿವೆಟ್ಟು ಸರಿ ಕೂತಿಲ್ಲ" ಅಂದನಂತೆ
ಪಾರುಪತ್ತೇಗಾರರಿಗೆ.

ಮಡಿಕೇರಿಯ ಕೋಟೆಯೊಳಗೆ ಸಭೆ.
ಹುಣಸೆಹುಳಿ, ಬೂದಿ, ಸೀಗೆ,
ಯಾವುದಕ್ಕೂ ಉಗುರಿನ ಮಸಿ ಬಿಡಲಿಲ್ಲ.
ಮೈಮೇಲಿನ ಕೋಟು ಟೈಲರ್ ಹುಸೇನಿಯ ಸಾಲದ್ದು.
ಮೊದಲ ದಿನ ಏನು ನಡೆಯಿತು ಅಂದರೆ
"ಬಾಗಿಲು ಕಿರುಗುಡುತ್ತೆ" ಅಂದ, ಅಷ್ಟೇ.
ಎರಡನೆಯ ದಿನ ಹರಳೆಣ್ಣೆಯ ಕುಡಿಕೆ ಒಯ್ದ.
ಮಂಜು ಇನ್ನೂ ಮೆಟ್ಟಿಲ ಮೇಲೆ ಕೂತಿರುವಾಗ
ಮಂಡಿಯೂರಿ ತಿರುಗಣಿಗೆ ಎಣ್ಣೆ ಬಿಡುತ್ತಿದ್ದವನನ್ನು
ಕಾವಲಿನವ ಗದರಿಸಿ ಹೊರಗಟ್ಟಿದ.
ಹೊರಗೆ ನಿಂತ. ಗಂಟೆ ಹೊಡೆದ ಮೇಲೆ
ಅದೇ ಬಾಗಿಲಿಂದ, ಸದ್ದಿಲ್ಲದೆ, ಒಳಗೆ ಹೋದ.

ನಾಲ್ಕು ವರ್ಷದಲ್ಲಿ ಎದ್ದು ನಿಂತದ್ದು ಮೂರು ಸಲ.
ಒಂದು, ನಲ್ಲಿಗೆ.
ಒಂದು, ತೂಕಕ್ಕೆ:
"ತೋಟದ ತಕ್ಕಡಿ ಸುಳ್ಳು ಹೇಳುತ್ತೆ ಸ್ವಾಮಿ.
ನನಗೆ ಗೊತ್ತು. ಮಾಡಿಕೊಟ್ಟವನು ನಾನೇ."
ಸಭೆ ನಕ್ಕಿತು.
ತೋಟದವರು ನಗಲಿಲ್ಲ; ಕುಲುಮೆಗೆ ಕೆಲಸ ನಿಲ್ಲಿಸಿದರು.
ಆ ಮಳೆಗಾಲ ನಾವು ಕೆಸುವಿನ ಸೊಪ್ಪು ತಿಂದೆವು.
ಮೂರನೆಯದು ಏನೆಂದು ಹೇಳಲೇ ಇಲ್ಲ.

ಆಮೇಲೊಂದು ನವೆಂಬರಿನಲ್ಲಿ ರಾಜ್ಯವೇ ಮುಗಿಯಿತು.
ಸಣ್ಣದನ್ನು ಕಾಯಿಸಿ ದೊಡ್ಡದಕ್ಕೆ ಬೆಸೆದರು.
ಬಸ್ಸಿಳಿದು ಬಂದ ಆಚಾರಿ
ಕೋಟು ಬಿಚ್ಚಿ ಮೊಳೆಗೆ ಹಾಕಿದ.
"ಬೆಸುಗೆ ಹೇಗಿದೆ ಮೆಂಬರಾಚಾರಿ?" ಚೇಷ್ಟೆ ಮಾಡಿದರು ಯಾರೋ.
"ತಣಿಯಲಿ. ತಟ್ಟಿ ನೋಡಿ ಹೇಳಬೇಕು."
ನನ್ನ ಕಡೆ ತಿರುಗಿ: "ಒತ್ತೋ."

ನಲ್ಲಿ ಬಂತು, ಹದಿನಾರು ವರ್ಷ ಕಳೆದು,
ಇನ್ಯಾರದೋ ಹೆಸರಿನ ಕಲ್ಲಿನ ಜೊತೆ.
ಕರೆದಿರಲಿಲ್ಲ ಅವನನ್ನು. ಮರುದಿನ ಹೋಗಿ
ಸೋರುತ್ತಿದ್ದ ವಾಷರಿಗೆ
ಹಳೇ ಚಪ್ಪಲಿಯ ತೊಗಲು ಕತ್ತರಿಸಿ ಹಾಕಿ ಬಂದ.

ಆ ಕೋಟು ಈಗ ನನ್ನಲ್ಲಿದೆ.
ಒಳಜೇಬಿನಲ್ಲಿ ಕುಡಿಕೆ ಉರುಳಿದ ಕಲೆ,
ಎಣ್ಣೆ ಕುಡಿದು ಗಾಜಿನಂತಾದ ಒಂದು ಕಾಗದ.
ದೀಪಕ್ಕೆ ಹಿಡಿದರೆ
"ಮಾನ್ಯ ಅಧ್ಯಕ್ಷರೇ" ಅನ್ನುವವರೆಗೆ ಓದಬಹುದು.