ತೊಲಕ್ಕೆ ತೊಂಬತ್ತಾರು

ಕೋವಿಯ ವಿದ್ಯೆ ನನಗೆ ಬಾರದು.
ನನ್ನದು ತ್ರಾಸು: ಹಿತ್ತಾಳೆಯ ಎರಡು ತಟ್ಟೆ, ರೇಶ್ಮೆ ನೂಲು,
ಉಸಿರು ಬಿಗಿಹಿಡಿದು ನೋಡಬೇಕಾದ ಮುಳ್ಳು.
ಮಂಗಳೂರು ಬಂದರಿನ ಓಣಿ, ಕೊಬ್ಬರಿ ಗೋದಾಮಿನ ಎದುರು
ಮೂರಡಿ ಅಗಲದ ಅಂಗಡಿ.

ಹದಿನಾಲ್ಕು ಕ್ಯಾರೆಟ್ಟಿನ ಕಾನೂನು ಬಂದ ವರ್ಷ ಅದು.
ಕುಲುಮೆಯಲ್ಲಿ ಬೆಕ್ಕು ಮರಿ ಹಾಕಿತ್ತು.
ತಟ್ಟೆಯ ಮೇಲೆ ಕೂತ ಧೂಳು ಎಷ್ಟೆಂದು
ನಾನೇ ತೂಗಿ ನೋಡಿದ್ದುಂಟು.
ಆಗ ಬಂದವರು ಇಜಿದೋರ ಪುರ್ಬುಗಳು,
ಕಿನ್ನಿಗೋಳಿಯಿಂದ ಮೊದಲ ಬಸ್ಸಿಗೆ.
ಕರವಸ್ತ್ರದ ಗಂಟು ಬಿಚ್ಚಿ:
"ಆಚಾರ್ರೇ, ಇದೊಂದಿಷ್ಟು ತೂಗಿ ಕೊಡಿ ಮಾರಾಯ್ರೆ.
ಚಿನ್ನ ಅಲ್ಲ, ಹೆದರಬೇಡಿ."

ಹೊಸ ಗುಂಡು ಒಂದು, ತೋಟೆಯಿಂದ ಕಿತ್ತು ತಂದದ್ದು.
ಇಟ್ಟೆ. ಮುಳ್ಳು ನಡುಗಿತು, ನಿಂತಿತು.
ಸರಿಯಾಗಿ ಒಂದು ತೊಲ!
ಗುಲಗಂಜಿ ಹೆಚ್ಚಿಲ್ಲ, ಕಮ್ಮಿಯಿಲ್ಲ.
ವಿಲಾಯತಿಯ ಯಾವನೋ ಸೀಸ ಎರೆಯುವವ
ನಮ್ಮ ಅಳತೆ ಎಲ್ಲಿ ಕದ್ದನಪ್ಪಾ ಎಂದುಕೊಂಡೆ.

ಆಮೇಲೆ, ಹಂದಿಯ ಒಳಗೆ ಹೋಗಿ ಬಂದವು.

ಮೊದಲನೆಯದಕ್ಕೆ ಮೈತುಂಬ ತಾಮ್ರದ ಅಂಗಿ, ಮೂತಿಯೂ ಮುಚ್ಚಿತ್ತು.
ತೊಂಬತ್ತೈದು ಗುಲಗಂಜಿ. ಹೋದ ಹಾಗೆಯೇ ಬಂದಿದೆ.
"ಒಳ್ಳೆ ಮಾಲು" ಎಂದೆ.
"ಹಾಳು ಮಾಲು" ಎಂದರು. "ಹಂದಿಯನ್ನು ಹಾದು
ಹಿಂದಿನ ಮತ್ತಿಮರಕ್ಕೆ ನಾಟಿತು. ಅದಕ್ಕೆ ಸೂಜಿ ಚುಚ್ಚಿದ ಹಾಗೆ.
ಎರಡು ಗುಡ್ಡ ಓಡಿತು.
ಮರುದಿನ ಮಧ್ಯಾಹ್ನ ನೊಣಗಳು ತೋರಿಸಿದವು ದಾರಿ."

ಇನ್ನೊಂದು, ಮೂತಿ ಬೆತ್ತಲೆ, ಅಂಗಿ ತೆಳು.
ಮೂವತ್ತೊಂಬತ್ತು. ಒಡೆದ ಮಡಕೆಯ ಹಾಗೆ ಚೂರು.
"ಭುಜದ ದಪ್ಪ ಚರ್ಮಕ್ಕೇ ಮುಗಿಯಿತು ಇದರ ಪೌರುಷ.
ಕಾಲು ಮುರಿಯಿತು, ಜೀವ ಹೋಗಲಿಲ್ಲ."
ಸ್ವಲ್ಪ ಹೊತ್ತು ತ್ರಾಸನ್ನೇ ನೋಡಿದರು.
"ಬಿದಿರ ಮೆಳೆಯೊಳಗೆ ಇರುಳಿಡೀ ಕೂಗಿತು ಆಚಾರ್ರೇ.
ನನ್ನವಳು ಜಪಸರ ಹಿಡಿದು ಕೂತಳು,
ಹಂದಿಗೋಸ್ಕರವೋ ನನಗೋಸ್ಕರವೋ ಕೇಳಲಿಲ್ಲ ನಾನು."

ಮೂರನೆಯದನ್ನು ಅವರೇ ಇಟ್ಟರು
ಎರಡು ಬೆರಳಲ್ಲಿ, ಮೂಗುತಿ ಹಿಡಿದ ಹಾಗೆ.
ಮೂತಿ ಬಿರಿದು, ಹಿಂದಕ್ಕೆ ಮಡಚಿದ ತಾಮ್ರದ ಆರು ಎಸಳು,
ನಡುವೆ ಸೀಸದ ಬೂದು. ಬುಡ ಮಾತ್ರ ಗಟ್ಟಿ.
ಎಪ್ಪತ್ತೆರಡು. ಮುಕ್ಕಾಲು ತೊಲ.
"ನಿಂತಲ್ಲೇ ಕೂತಿತು. ಬಾಯಲ್ಲಿ ಗೆಣಸು ಹಾಗೇ ಇತ್ತು.
ಇದೇ ಬೇಕು ನನಗೆ.
ಒಡೆಯಲೂ ಬಾರದು, ಒಡೆಯದೆ ಇರಲೂ ಬಾರದು."

ತೇಮಾನು ಬಿಡುವ ಜಾತಿಯಲ್ಲ ನನ್ನದು,
ನೆಲ ಗುಡಿಸಿದ ಕಸವನ್ನೂ ತೊಳೆದು ಸೋಸುವವ.
ಕೇಳಿಯೇಬಿಟ್ಟೆ: "ಉಳಿದ ಇಪ್ಪತ್ತನಾಲ್ಕು ಎಲ್ಲಿ?"
"ಹಂದಿಯಲ್ಲಿ."
"ಹಂದಿ ಎಲ್ಲಿ?"
ಪುರ್ಬುಗಳು ಹೊಟ್ಟೆ ತಟ್ಟಿಕೊಂಡು ನಕ್ಕರು,
ಮೂಟೆ ಹೊರುವವರು ತಿರುಗಿ ನೋಡುವಷ್ಟು.

ಮಜೂರಿ ಎರಡು ಸೇರು ಕುಚ್ಚಲಕ್ಕಿ,
ಹಂದಿ ತಿಂದು ಉಳಿದ ಗದ್ದೆಯದ್ದು.
ಆ ವಾರ ಮನೆಯಲ್ಲಿ ಬೆಂದದ್ದು ಅದೊಂದೇ.

ಅದೇ ತಿಂಗಳು ಕಾರ್ಕಳದ ಭಾವ,
ನನ್ನದೇ ಕಸುಬಿನವ, ಕೆಲಸವಿಲ್ಲದೆ
ಕುಡಿಯಬಾರದ್ದನ್ನು ಕುಡಿದ.
ತಕ್ಷಣ ಹೋಗಲಿಲ್ಲ. ವೆನ್‌ಲಾಕಿನಲ್ಲಿ ಮೂರು ದಿನ.
ವರಾಂಡದಲ್ಲಿ ಕೂತು ನಾನು
ಬಿದಿರ ಮೆಳೆಯನ್ನು ಕೇಳುತ್ತಿದ್ದೆ.

ಈಗ ಬೇಟೆ ಇಲ್ಲ, ತೊಲವೂ ಇಲ್ಲ.
ಗಾಜಿನ ಗೂಡಿನಲ್ಲಿ ಕೆಂಪು ಅಂಕಿ ಮಿನುಗುವ ತ್ರಾಸು,
ಉಸಿರು ಬಿಟ್ಟರೂ ಅದಕ್ಕೆ ಚಿಂತೆಯಿಲ್ಲ.
ಪುರ್ಬುಗಳು ಮರೆತುಹೋದ ಎಸಳಿನ ಗುಂಡು
ಬೆಳಿಗಾರದ ಡಬ್ಬಿಯಲ್ಲಿ ಇತ್ತು ಇಷ್ಟು ವರ್ಷ.
ನಿನ್ನೆ ಮೊಮ್ಮಗಳಿಗೆ ಸಿಕ್ಕಿತು.
ಕಿವಿಗೆ ಹಿಡಿದು, ಕನ್ನಡಿಯಲ್ಲಿ ಕತ್ತು ವಾರೆ ಮಾಡಿ,
"ಬೆಂಡೋಲೆ ಚಂದ ಉಂಟು ಅಜ್ಜ," ಎಂದಳು,
"ಇದರ ಜೋಡಿ ಎಲ್ಲಿ?"